ತೊಟ್ಟಿ ನಿಂತಲ್ಲಿ ತಿಪ್ಪೆ

ನಮ್ಮೂರಿನ ಕಸದ ತೊಟ್ಟಿಗಳು ತುಂಬಿದ ಮೇಲೆ ನಿಂತಲ್ಲಿ ನಿಲ್ಲುವುದಿಲ್ಲ. ಮೊದಲು ಮುಚ್ಚಳ ಗಡಗಡ ಅಲುಗುತ್ತದೆ, ಆಮೇಲೆ ಕಬ್ಬಿಣದ ಕಾಲುಗಳು ಒಂದೊಂದಾಗಿ ನೆಲ ಬಿಡುತ್ತವೆ, ನಂತರ ಅದು ನಡೆಯತೊಡಗುತ್ತದೆ. ದಿನ ತುಂಬಿದ ಬಸುರಿ ನೀರಿನ ಕೊಡ ಹೊತ್ತು ಬಂದ ಹಾಗೆ, ಸೊಂಟ ಹಿಂದಕ್ಕೆ ವಾಲಿಸಿ, ಸಾವಕಾಶ. ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಬೇರೆ ಊರುಗಳಲ್ಲಿ ತುಂಬಿದ ತೊಟ್ಟಿ ಇದ್ದಲ್ಲೇ ಇದ್ದು ಕೊಳೆಯುತ್ತದೆ ಎಂದು ಯಾರೋ ಹೇಳಿದಾಗ ನಮಗೇ ವಿಚಿತ್ರ ಎನಿಸಿತ್ತು. ಹೇಳಬೇಕಾದದ್ದು ಅವು ಎಲ್ಲಿಗೆ ನಡೆಯುತ್ತವೆ ಎಂಬುದನ್ನು. ಅವು ಇಳಿಜಾರು ಹಿಡಿದು ಕೆಳಕ್ಕೆ ಬರುತ್ತವೆ. ಮೇಲಿನ ಓಣಿಯಿಂದ ಹೊರಟು, ನಡುವಿನ ಪೇಟೆ ದಾಟಿ, ನಮ್ಮ ಕೆಳಗಿನ ಓಣಿಗೆ.

ಬರುವುದಲ್ಲ, ಅವನ್ನು ಓಡಿಸುತ್ತಾರೆ ಅನ್ನಬೇಕು. ತೊಟ್ಟಿ ಅಳ್ಳೆದೆಯ ಪ್ರಾಣಿ. ಕಂಚಿನ ಸದ್ದು ಕೇಳಿದರೆ ಅದರ ಜೀವ ಹೋಗುತ್ತದೆ. ಮೇಲಿನ ಓಣಿಯವರು ಇದನ್ನು ಬಲ್ಲರು. ಮನೆಗೊಂದು ಕಂಚಿನ ತಾಟನ್ನು ಕಿಟಕಿಯ ಸರಳಿಗೆ ತೂಗುಹಾಕಿದ್ದಾರೆ. ಬೀದಿಯ ತೊಟ್ಟಿಯ ಮುಚ್ಚಳ ಅಲುಗಿತೋ ಇಲ್ಲವೋ, ಪುರಸಭೆಯ ಅಧ್ಯಕ್ಷರ ಹೆಂಡತಿ ಸುಮಿತ್ರಾಬಾಯಿ ಮೊದಲ ಏಟು ಕೊಡುತ್ತಾಳೆ. ಢಣ್! ಅಲ್ಲಿಂದ ಮನೆಯಿಂದ ಮನೆಗೆ ಢಣ್ ಢಣ್ ಢಣ್! ಪಾಪದ ತೊಟ್ಟಿ ದಿಕ್ಕೆಟ್ಟು ಕೆಳಗೆ ಓಡುತ್ತದೆ. ಓಡುವಾಗ ಅರ್ಧ ಕಸ ಪೇಟೆಯ ಮೆಟ್ಟಿಲುಗಳ ಮೇಲೆ ಚೆಲ್ಲುತ್ತದೆ, ಅದರ ಹಿಂದೆ ನಾಯಿಗಳ ದಿಬ್ಬಣ. ಇನ್ನು ಅವರು ಕಸ ಹಾಕುವ ಚೆಂದವನ್ನಾದರೂ ನೋಡಬೇಕು! ಮುಚ್ಚಳದ ಹಿಡಿಗೆ ಯಾರೂ ಕೈ ಹಚ್ಚುವುದಿಲ್ಲ. ಮೈಲಿಗೆ. ಮಾಳಿಗೆಯ ಮೇಲೆ ನಿಂತು ಗಂಟು ಬೀಸಿ ಒಗೆಯುತ್ತಾರೆ. ಬಿದ್ದರೆ ತೊಟ್ಟಿಯೊಳಗೆ, ಬೀಳದಿದ್ದರೆ ತೊಟ್ಟಿಯ ತಲೆಯ ಮೇಲೆ. ಒಡೆದ ಕನ್ನಡಿ, ಔಷಧದ ಸೀಸೆ, ಹಬ್ಬದ ಎಂಜಲೆಲೆ, ಕೂಸಿನ ಹೇಲುಬಟ್ಟೆ ಎಲ್ಲ ಒಂದೇ ಗಂಟಿನಲ್ಲಿ. ಚಳಿಯಾದರೆ ತೊಟ್ಟಿಯೊಳಗೇ ಬೆಂಕಿ ಹಾಕಿ ದೂರದಿಂದ ಕಾಯಿಸಿಕೊಳ್ಳುತ್ತಾರೆ. ನಾವು ಅಲ್ಲಿಗೆ ಕೂಲಿಗೆ ಹೋಗಿ ನೀರು ಕೇಳಿದಾಗಲೂ ಇದೇ ನೇಮ. ಅವರು ಹಿತ್ತಲ ಕಟ್ಟೆಯ ಮೇಲೆ ನಿಂತು ಮೇಲಿನಿಂದ ಸುರಿಯುತ್ತಾರೆ, ನಾವು ಕೆಳಗೆ ಬೊಗಸೆ ಒಡ್ಡಬೇಕು. ತೊಟ್ಟಿಗೂ ನಮಗೂ ದೂರದಿಂದಲೇ ಒಗೆತ, ದೂರದಿಂದಲೇ ಸುರಿತ.

ಪುರಸಭೆಗೆ ಒಂದು ಕಸದ ಟ್ರ್ಯಾಕ್ಟರೂ ಇತ್ತು. ಕಚೇರಿಯ ಹಿಂದೆ ಗಾಲಿ ಇಳಿದು ಕುಂತಿತ್ತು, ಅದರ ಸೀಟಿನಲ್ಲಿ ಕೋಳಿ ಕಾವು ಕೂರುತ್ತಿತ್ತು. ತೊಟ್ಟಿಗಳು ತಾವೇ ನಡೆದು ಹೋಗುವಾಗ ಟ್ರ್ಯಾಕ್ಟರ್ ಯಾಕೆ? ಮೇಲಿನ ಓಣಿಗೆ ವರ್ಷವರ್ಷವೂ ಸ್ವಚ್ಛ ಓಣಿಯೆಂಬ ಬಿರುದು, ಅಧ್ಯಕ್ಷರಿಗೆ ವರ್ಷವರ್ಷವೂ ಹಾರ. ಆ ಹಾರವೂ ಬಾಡಿದ ಮೇಲೆ ನಮ್ಮ ಓಣಿಗೇ ಬರುತ್ತಿತ್ತು.

ನನ್ನ ಹೆಸರು ಹುಲಿಗೆವ್ವ. ಶಾಲೆ ಮಕ್ಕಳ ಅಂಗಿ ಚೊಣ್ಣ ಹೊಲಿಯುವವಳು. ಸಂಜೆಯಾದರೆ ನಮ್ಮ ಓಣಿಯ ಬೇವಿನ ಕಟ್ಟೆಯ ಮೇಲೆ ಪೇಪರು, ಪುಸ್ತಕ ಜೋರಾಗಿ ಓದಿ ಹೇಳುತ್ತೇನೆ. ಓದು ಬಂದವರು ಬಾರದವರು ಎಲ್ಲ ಕೂತು ಕೇಳುತ್ತಾರೆ, ಜಗಳಾಡುತ್ತಾರೆ. ನಮ್ಮವ್ವನ ಹೆಸರು ತಿಪ್ಪವ್ವ. ಅವಳಿಗಿಂತ ಮೊದಲು ಹುಟ್ಟಿದ ಕೂಸುಗಳು ಒಂದೂ ಉಳಿಯಲಿಲ್ಲವಂತೆ. ಇವಳು ಹುಟ್ಟಿದ ಕೂಡಲೇ ಅಜ್ಜಿ ಇವಳನ್ನು ತಿಪ್ಪೆಯ ಮೇಲೆ ಹಾಕಿ, "ಇದು ನಂದಲ್ಲ, ತಿಪ್ಪೀದು" ಎಂದು ಸಾರಿ, ತಿಪ್ಪೆಯಿಂದಲೇ ಬೇಡಿ ಎತ್ತಿಕೊಂಡಳಂತೆ. ಹೆಸರೂ ಅದೇ ಆಯಿತು, ಅವ್ವ ಬದುಕಿಯೂ ಬಿಟ್ಟಳು. ಹಾಗಾಗಿ ದೀಪಾವಳಿಗೆ ಎಲ್ಲರೂ ದೇವರಿಗೆ ಹಚ್ಚಿದ ಮೇಲೆ ಅವ್ವ ತಿಪ್ಪೆಗೊಂದು ದೀಪ ಇಡದೆ ಉಣ್ಣುವವಳಲ್ಲ. ತಾಟಿನ ಏಟಿಗೆ ಬೆದರಿದ ತೊಟ್ಟಿ ಮೊದಲ ಸಲ ನಮ್ಮ ಓಣಿಗೆ ನುಗ್ಗಿದಾಗ ಎಲ್ಲರೂ ಬಾಗಿಲು ಹಾಕಿಕೊಂಡರು. ಅವ್ವ ಚೊಂಬಿನಲ್ಲಿ ನೀರು ತಂದು ಅದರ ಕಾಲಿಗೆ ಹಾಕಿ, ಮುಚ್ಚಳದ ಮೇಲೆ ಕೈಯಿಟ್ಟು, "ಯಾರ ಬಡದ್ರವಾ ನಿನ್ನ?" ಅಂದಳು. ಅದು ಅವಳ ಕೈಕೆಳಗೆ ನಡುಗುತ್ತ ನಡುಗುತ್ತ ಸುಮ್ಮನಾಯಿತು.

ಎದುರು ಮನೆಯ ಮಕ್ತುಂಸಾಬ ಬಾಗಿಲ ಸಂದಿಯಲ್ಲಿ ಮೂಗು ಮುಚ್ಚಿಕೊಂಡು ನೋಡುತ್ತಿದ್ದ. ಸ್ಟವ್ವು ರಿಪೇರಿ ಮಾಡುವವನು, ಬಾಯಿ ಮಾತ್ರ ರಿಪೇರಿಗೆ ಸಿಗದ್ದು. "ತಿಪ್ಪಕ್ಕಾ, ನಿನ್ನ ತವರುಮನಿ ಮಂದಿ ಬಂದಾರ ನೋಡು! ಹೋಳಿಗಿ ಮಾಡು!" ಎಂದು ಕೂಗಿದ. ಅವ್ವ ತಿರುಗಿ ನೋಡದೆ, "ಮಾಡ್ತೀನೋ ಮಕ್ತುಮಾ. ನಿನ್ನ ಕರಿಯೂದಿಲ್ಲ" ಅಂದಳು.

ನಗುತ್ತಲೇ ಶುರುವಾದದ್ದು ನಗು ಮರೆಸಿತು. ಒಂದರ ಹಿಂದೆ ಒಂದು ಬಂದವು. ಬೇವಿನ ಕಟ್ಟೆಯ ಸುತ್ತ, ನೀರಿನ ನಳದ ಪಕ್ಕ, ನಮ್ಮ ಹೊಲಿಗೆ ಯಂತ್ರದ ಕಿಟಕಿಗೆ ಒರಗಿ. ಊರಿನ ತೊಟ್ಟಿಗಳೆಲ್ಲ ನಮ್ಮಲ್ಲೇ ಬೀಡುಬಿಟ್ಟವು. ನೊಣ, ನಾರುವ ನೀರು, ಹಂದಿ. ನಾವು ಕೈಲಾದಷ್ಟು ಬರಿದು ಮಾಡಿದೆವು. ಬರಿದಾದದ್ದು ತನ್ನ ಮೂಲೆಗೆ ಮರಳಿ ಹೋಗುತ್ತದೆ, ಮತ್ತೆ ತುಂಬಿ ಬರುತ್ತದೆ. ಊರೆಲ್ಲ ಉಂಡದ್ದಕ್ಕೆ ನಮ್ಮದೊಂದೇ ಓಣಿ ಕೈ ತೊಳೆಯುವುದೆಂದರೆ ಎಷ್ಟು ದಿನ?

ಅಷ್ಟರಲ್ಲಿ ಡಂಗುರ ಬಿತ್ತು. ಪುರಸಭೆಯ ದಫೇದಾರ ಭರಮಪ್ಪ ಓಣಿಯ ಬಾಯಲ್ಲಿ ನಿಂತು, ಕಣ್ಣು ನೆಲಕ್ಕೆ ಹಾಕಿ ಹಲಗೆ ಬಡಿದ. "ಕೇಳ್ರಪ್ಪೋ! ಬರೂ ಹುಣ್ಣಿವಿಗೆ ಸುಣ್ಣದ ದಿನ! ತೊಟ್ಟಿ ಎಲ್ಲಿ ನಿಂತಿರ್ತಾವ ಅಲ್ಲಿ ಗೆರಿ ಬೀಳತೈತಿ! ಗೆರಿ ಒಳಗಿನವರು ಹೊತ್ತು ಮುಳುಗೂದ್ರಾಗ ಹೊರಗ ಹೋಗಬೇಕು! ಉಳದದ್ದೆಲ್ಲಾ ಕಸ!" ಇದು ಅವನ ಮಾತಲ್ಲ. ಪುರಸಭೆಯ ಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದ ಕಾಯಿದೆ: ತೊಟ್ಟಿ ನಿಂತಲ್ಲಿ ತಿಪ್ಪೆ. ಅಧ್ಯಕ್ಷ ಮೃತ್ಯುಂಜಯಪ್ಪನವರ ಅಜ್ಜ ಮಾಡಿದ್ದು. ಹಿಂದೆ ಕುಂಬಾರರ ಸಾಲಿಗೆ ಹೀಗೆಯೇ ಸುಣ್ಣದ ಗೆರೆ ಬಿದ್ದಿತ್ತು. ಕುಂಬಾರರು ಚಕ್ರ ಹೊತ್ತು ಯಾವ ದಿಕ್ಕಿಗೆ ಹೋದರೋ ಯಾರಿಗೂ ತಿಳಿಯದು. ಆ ತಿಪ್ಪೆಯ ಜಾಗದಲ್ಲಿ ಈಗ ಅಧ್ಯಕ್ಷರ ಅಳಿಯನ ಕಲ್ಯಾಣಮಂಟಪ ನಿಂತಿದೆ, ಅಮೃತಶಿಲೆಯ ನೆಲ. ನಮ್ಮ ಓಣಿಯ ಪಕ್ಕದಲ್ಲಿ ಹೊಸ ರಸ್ತೆ ಬರುವುದಿತ್ತು. ಇನ್ನು ಬಿಡಿಸಿ ಹೇಳಬೇಕೆ?

ಅಂದು ಸಂಜೆ ಬೇವಿನ ಕಟ್ಟೆಯ ಮೇಲೆ ಪುಸ್ತಕ ತೆರೆಯಲಿಲ್ಲ. ಇಡೀ ಓಣಿ ತೊಟ್ಟಿಗಳ ಸಂದಿಯಲ್ಲೇ ಸೇರಿತ್ತು. ಮೊದಲು ಎದ್ದವನು ಫಕೀರಪ್ಪ. ಪೇಟೆಯಲ್ಲಿ ಚೀಲ ಹೊರುವವನು, ಎತ್ತಿನ ಕತ್ತು, ಎಳೆಗರುವಿನ ಸಿಟ್ಟು. "ನಾ ಖರೇ ಹೇಳ್ತೀನಿ, ಯಾರೂ ಸಿಟ್ಟಾಗಬ್ಯಾಡ್ರಿ. ಇವು ಇಲ್ಲಿಗೆ ಬರೂದು ತಿಪ್ಪವ್ವನ ಸಲುವಾಗಿ! ಕಾಲಿಗೆ ನೀರಂತ, ತಲಿಗೆ ಕೈ ಅಂತ! ಬೀಗರನ್ನ ಕರದಂಗ ಕರದ್ರ ಬರಲಾರದ ಏನ ಮಾಡ್ತಾವ? ಈಗ ಮನಿ ಹೋಗೂದು ನಮ್ಮೆಲ್ಲಾರ್ದೂ!" ಅಂದ. ಗುಂಪಿನಲ್ಲಿ ಹೌದು ಹೌದು ಎಂಬ ಗುಜುಗುಜು. ನನಗೆ ಮೈ ಉರಿಯಿತು. "ಕಸ ಹಾಕಿದವರ ಮ್ಯಾಲೆ ಸಿಟ್ಟಿಲ್ಲ, ಕೈ ಇಟ್ಟಾಕಿ ಮ್ಯಾಲೆ ಸಿಟ್ಟು! ನಾಚಿಕಿ ಬರೂದಿಲ್ಲೇನೋ ಫಕೀರಾ?" ಎಂದು ಎದ್ದು ನಿಂತೆ. ಅವ್ವ ನನ್ನ ಸೆರಗು ಹಿಡಿದು ಎಳೆದಳು. "ಕೂಡ್ರವಾ. ಅಂವ ಹೇಳೂದ್ರಾಗ ಸುಳ್ಳೇನೈತಿ? ಬರ್ತಾವ ನನ್ನ ಹಂತ್ಯಾಕ. ಬ್ಯಾಡಂದ್ರ ನಾಳಿಂದ ಕೈ ಇಡೂದಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಸುಟ್ಟಿತು.

"ಕೈ ಇಡದಿದ್ರ ಸಾಲದು, ಓಡಿಸಬೇಕು!" ಫಕೀರಪ್ಪ ಕಟ್ಟೆ ಗುದ್ದಿದ. "ಅವರಿಗೆ ತಾಟ ಐತಿ ಅಂದ್ರ ನಮಗಿಲ್ಲೇನು?" ನಮಗೆಲ್ಲಿಯ ಕಂಚು! ಆದರೆ ಆ ಮಾತು ಎಂಥ ಕಿಚ್ಚು ಹಚ್ಚಿತೆಂದರೆ ಬೆಳಗಾಗುವಷ್ಟರಲ್ಲಿ ಓಣಿಯ ಎಲ್ಲ ಕೈಯಲ್ಲೂ ಏನಾದರೊಂದು ಸದ್ದು ಮಾಡುವ ಸಾಮಾನು. ಅಲ್ಯುಮಿನಿಯಂ ಪರಾತ, ಡಬ್ಬದ ಮುಚ್ಚಳ, ಮಕ್ತುಂಸಾಬನ ಹಳೆಯ ಸ್ಟವ್ವಿನ ಟಾಕಿ. ನಾನೂ ಒಂದು ಪರಾತ ಹಿಡಿದೆ. ಸುಳ್ಳೇಕೆ ಹೇಳಲಿ, ಬಡಿಯುವುದರಲ್ಲಿ ಒಂದು ಸುಖವಿತ್ತು! ನಾವೂ ಒಮ್ಮೆ ಬಡಿದೆವು, ಯಾರೋ ನಮಗೂ ಹೆದರಿ ಓಡಿದರು ಎಂಬ ಸುಖ. ತೊಟ್ಟಿಗಳು ಬೆಚ್ಚಿಬಿದ್ದವು. ಒಂದು ಗಳಿಗೆ ಅವ್ವನ ಮನೆಯ ಕಡೆ ನೋಡಿದ ಹಾಗೆ ತಿರುಗಿದವು, ಬಾಗಿಲು ಹಾಕಿತ್ತು. ಆಮೇಲೆ ಏರು ಹಿಡಿದು ಓಡಿದವು. ನಾವು ಹೋ ಎಂದು ಬೆನ್ನು ಹತ್ತಿದೆವು.

ಪೇಟೆಯ ತುದಿ ಮುಟ್ಟಿದ್ದೇ ತಡ, ಮೇಲಿನಿಂದ ಢಣ್ ಎಂದಿತು. ಸುಮಿತ್ರಾಬಾಯಿಯ ತಾಟು! ಅತ್ತ ಕಂಚು, ಇತ್ತ ಡಬ್ಬ. ತೊಟ್ಟಿಗಳು ಪೇಟೆಯ ನಡುವೆ ಸಿಕ್ಕಿಬಿದ್ದವು. ಅಯ್ಯೋ, ಆ ಹಣಾಹಣಿ! ಒಂದು ಟೊಮೆಟೊ ರಾಶಿಯ ಮೇಲೆ ಹತ್ತಿತು, ಇನ್ನೊಂದು ಬಳೆಗಾರನ ಅಂಗಡಿಯೊಳಗೆ ಹೊಕ್ಕು ಹೊರಗೆ ಬರಲಾಗದೆ ಗಿರಗಿರ ತಿರುಗಿತು. ಎಂಜಲೆಲೆ ಗಾಳಿಗೆ ಹಾರಿ ಜವಳಿ ಅಂಗಡಿಯ ಗೊಂಬೆಯ ಮುಖಕ್ಕೆ ಅಂಟಿತು. ನಾಯಿಗಳಿಗೆ ಜಾತ್ರೆ. "ಮ್ಯಾಲಿನವರು ಬಡಿತಾರಂದ್ರ ನೀವೂ ಬಡಿತೀರಿ, ನಡುವ ನಾವೇನ ಪಾಪ ಮಾಡೇವೋ!" ಎಂದು ಕಾಯಿಪಲ್ಲೆಯವರು ತಲೆತಲೆ ಬಡಿದುಕೊಂಡರು. ಆಗ ಎಲ್ಲಕ್ಕಿಂತ ಮುದಿಯಾದ ತೊಟ್ಟಿ, ಬೆಂಕಿಗೆ ಸುಟ್ಟು ಬುಡ ತೂತಾದದ್ದು, ಮೆಟ್ಟಿಲಲ್ಲಿ ಕಾಲು ಜಾರಿ ಉರುಳಿತು. ಉರುಳುರುಳಿ ಬಂದು ನಮ್ಮ ಕಾಲ ಬುಡದಲ್ಲೇ ಬಿತ್ತು. ಒಂದು ಕಾಲು ಮುರಿದಿತ್ತು. ಬಾಯಿಂದ ಕಸವೆಲ್ಲ ಹೊರಬಂದು ಬಿದ್ದುಕೊಂಡು, ಉಳಿದ ಕಾಲುಗಳನ್ನು ಗಾಳಿಯಲ್ಲಿ ಆಡಿಸತೊಡಗಿತು.

ನಮ್ಮ ಕೈಗಳು ನಿಂತವು. ಮೇಲಿನವರ ಕೈ ನಿಲ್ಲಲಿಲ್ಲ. ಆ ಢಣಢಣದ ನಡುವೆ ನಮ್ಮ ಗುಂಪನ್ನು ಸರಿಸಿಕೊಂಡು ಅವ್ವ ಬಂದಳು. ಯಾವಾಗ ಬಾಗಿಲು ತೆರೆದಳೋ, ಯಾವಾಗ ಏರು ಹತ್ತಿದಳೋ. ಬಂದವಳೇ ನೆಲದ ಮೇಲೆ ಕೂತು ಬಿದ್ದ ತೊಟ್ಟಿಯ ಮೇಲೆ ಕೈಯಿಟ್ಟಳು. "ಸಾಕು ಏಳು, ಏನೂ ಆಗಿಲ್ಲ, ಏಳು" ಎಂದು ಭುಜ ಕೊಟ್ಟು ಎತ್ತಿದಳು. ಅದು ಎದ್ದು ಅವಳಿಗೆ ಒರಗಿಕೊಂಡಿತು. ನೋಡನೋಡುತ್ತ, ತಾಟು ಬಡಿಯುತ್ತಿದ್ದಂತೆಯೇ, ಟೊಮೆಟೊ ರಾಶಿಯ ಮೇಲಿದ್ದದ್ದು ಇಳಿಯಿತು. ಬಳೆ ಅಂಗಡಿಯದು ಒಂದೂ ಬಳೆ ಒಡೆಯದೆ ಹೊರಬಂತು. ಒಂದೊಂದಾಗಿ ಎಲ್ಲವೂ ಅವ್ವನ ಸುತ್ತ ಬಂದು ಕಾಲು ಮಡಚಿ ಕೂತವು. ನಡುಪೇಟೆಯಲ್ಲಿ. ನಮ್ಮ ಓಣಿಯಿಂದ ಅಷ್ಟು ದೂರದಲ್ಲಿ!

ನನ್ನ ಕೈಯಿಂದ ಪರಾತ ಜಾರಿ ಬಿತ್ತು. "ಫಕೀರಾ! ಮಕ್ತುಂ ಕಾಕಾ! ನೋಡ್ರಿ, ನೋಡ್ರಿ!" ಎಂದು ಕಿರುಚಿದೆ. "ಇವು ನಮ್ಮ ಓಣಿಗೆ ಬರಾಕ್ಹತ್ತಿಲ್ಲ, ನಮ್ಮ ಕೈಗೆ ಬರಾಕ್ಹತ್ತ್ಯಾವು! ಕೈ ಎಲ್ಲಿ ಹೋಗತೈತಿ ಅಲ್ಲಿಗೆ ಬರ್ತಾವ! ಕೈ ತಗೊಂಡು ಎಲ್ಲಿಗೆ ಹೋಗೂದು ಅನ್ನೂದು ನಮಗ ಬಿಟ್ಟದ್ದು!" ಫಕೀರಪ್ಪ ಬಾಯಿ ತೆರೆದು ನನ್ನನ್ನೂ ತೊಟ್ಟಿಗಳನ್ನೂ ನೋಡಿದ. ಅವನ ಮುಖದ ಮೇಲೆ ಅರ್ಥ ನಿಧಾನಕ್ಕೆ ಮೂಡಿ, ಆಮೇಲೆ ಒಮ್ಮೆಲೇ ಬೆಳಗಿತು. "ಯವ್ವಾ... ಹಂಗಾದ್ರ ಸುಣ್ಣದ ದಿನ ಎಲ್ಲಿ ಕುಂದ್ರೂಣಬೇ?" ಮಕ್ತುಂಸಾಬ ಗಡ್ಡ ಕೆರೆದುಕೊಳ್ಳುತ್ತ ಏರಿನ ತುದಿಗೆ, ಕಲ್ಲಿನ ಅಕ್ಷರ ಹೊತ್ತ ಪುರಸಭೆಯ ಕಡೆಗೆ ನೋಡಿದ. "ತಂಪನ್ನ ಮೆಟ್ಟಲು ಅದಾವ ನೋಡು ಅಲ್ಲಿ. ಮ್ಯಾಲೆ ನೆಳ್ಳೂ ಐತಿ" ಅಂದ.

ಹೇಳುವುದು ಸುಲಭ, ಕೈಯಿಡುವುದು ಸುಲಭವಲ್ಲ. ನಮ್ಮವರಿಗೂ ಹೇಸಿಗೆ ಇತ್ತು. ತೊಟ್ಟಿಗಳು ಅವ್ವನ ಹಿಂದೆಯೇ ಓಣಿಗೆ ಮರಳಿದ್ದವು. ಸಾಯಂಕಾಲ ಕಟ್ಟೆಯ ಹತ್ತಿರ ಅವ್ವ ಒಬ್ಬೊಬ್ಬರನ್ನೇ ಕರೆದು ಒಂದೊಂದು ತೊಟ್ಟಿಯ ಮುಂದೆ ನಿಲ್ಲಿಸಿದಳು. ಫಕೀರಪ್ಪ ಬೆರಳ ತುದಿ ತಾಗಿಸಿ ಹಿಂದಕ್ಕೆ ಎಳೆದುಕೊಂಡ. "ಏನೋ ಪೈಲವಾನಾ, ಮದುವಿ ಗಂಡು ನಾಚಿಕೊಂಡಂಗ ನಾಚ್ಕೋತೀ!" ಎಂದು ಮಕ್ತುಂಸಾಬ ಚುಚ್ಚಿದ, ತನ್ನ ಸರದಿ ಬಂದಾಗ ತಾನೂ ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿಕೊಂಡ. ನಾನು ನಮ್ಮ ಕಿಟಕಿಗೆ ಒರಗುತ್ತಿದ್ದ ತೊಟ್ಟಿಯ ಮೇಲೆ ಅಂಗೈ ಚಾಚಿ ಇಟ್ಟೆ. ಕಬ್ಬಿಣ ತಣ್ಣಗಿರುತ್ತದೆ ಎಂದುಕೊಂಡಿದ್ದೆ. ಬೆಚ್ಚಗಿತ್ತು! ಆಗಷ್ಟೇ ಮಲಗಿದ ಕೂಸಿನ ಬೆನ್ನಿನಂತೆ. ಒಳಗೆ ಏನೋ ಮೆಲ್ಲಗೆ ಕುದಿಯುವ ಹಾಗೆ. ನಗುವೂ ಬಂತು, ಅಳುವೂ ಬಂತು.

ಸುಣ್ಣದ ದಿನ ನಾವು ಓಣಿ ಗುಡಿಸಿ, ನೀರು ಚಿಮುಕಿಸಿ, ಮನೆಮನೆಯ ಮುಂದೆ ರಂಗೋಲಿ ಹಾಕಿ, ಹೊಸ್ತಿಲಿಗೆ ಅರಿಸಿನ ಹಚ್ಚಿ ಹೊರಟೆವು. ಯಾವ ಬಾಗಿಲಿಗೂ ಕೀಲಿ ಹಾಕಲಿಲ್ಲ. ಮುಂದೆ ಅವ್ವ, ಕೈಯಲ್ಲಿ ಚೊಂಬು, ಪಕ್ಕದಲ್ಲಿ ಮುರಿದ ಕಾಲಿನದು. ಅದಕ್ಕೆ ಮಕ್ತುಂಸಾಬ ಸ್ಟವ್ವಿನ ಕಬ್ಬಿಣ ಕಟ್ಟಿ ಕಾಲು ಕೂರಿಸಿದ್ದ. ಹಿಂದೆ ಇಡೀ ಓಣಿ, ಒಂದೊಂದು ತೊಟ್ಟಿಯ ಮೇಲೆ ಒಂದೊಂದು ಕೈ. ಘೋಷಣೆಯಿಲ್ಲ, ಹಲಗೆಯಿಲ್ಲ. ಕಬ್ಬಿಣದ ಕಾಲುಗಳ ಟಕ್ಕು ಟಕ್ಕು, ನಮ್ಮ ಬರಿಗಾಲಿನ ಸಪ್ಪಳ. ಪೇಟೆಯವರು ಅಂಗಡಿಯ ಹಲಗೆ ಎಳೆಯಲು ಹೋದವರು ಎಳೆಯಲಿಲ್ಲ. ಯಾಕೆಂದರೆ ಒಂದು ಎಲೆ ಕೂಡ ಚೆಲ್ಲುತ್ತಿರಲಿಲ್ಲ! ಹೆದರದ ತೊಟ್ಟಿ ಚೆಲ್ಲುವುದಿಲ್ಲ ಎಂದು ಅಂದು ಊರು ಕಣ್ಣಾರೆ ನೋಡಿತು. ಟೊಮೆಟೊ ಮಾರುವವಳು ಅಂಗಡಿ ಬಿಟ್ಟು ಎದ್ದು ಬಂದು, ತನ್ನ ಮುಂದೆ ಹಾದ ತೊಟ್ಟಿಯ ಮೇಲೆ ತಾನೂ ಕೈಯಿಟ್ಟು ನಡೆದಳು.

ಅತ್ತ ಅಧ್ಯಕ್ಷರ ಸವಾರಿ ಸುಣ್ಣದ ಬಕೆಟ್ಟಿನೊಂದಿಗೆ ಹಳೇ ಬಂಡಿದಾರಿ ಹಿಡಿದು ನಮ್ಮ ಓಣಿಗೆ ಇಳಿದಿತ್ತು. ಅಲ್ಲಿ ರಂಗೋಲಿ ಬಿಟ್ಟರೆ ಏನಿದೆ? ತೊಟ್ಟಿಯೂ ಇಲ್ಲ, ಜನವೂ ಇಲ್ಲ. ಏದುಸಿರು ಬಿಡುತ್ತ ಏರು ಹತ್ತಿ ಮರಳಿ ಬರುವಷ್ಟರಲ್ಲಿ ನಾವು ಪುರಸಭೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಾಗಿತ್ತು. ತೊಟ್ಟಿಗಳೂ ನಮ್ಮ ನಡುವೆ, ಕಟ್ಟಡದ ಸುತ್ತ, ಮೃತ್ಯುಂಜಯಪ್ಪನವರ ಕೋಣೆಯ ಕಿಟಕಿಯ ಕೆಳಗೆ. ಒಂದಂತೂ ಬಾಗಿಲಲ್ಲೇ ಕೂತಿತ್ತು, ಕಲ್ಲಿನ ಅಕ್ಷರಗಳ ಸರಿ ಕೆಳಗೆ.

"ಏನಿದು! ಏಳ್ರಿ ಮೊದಲ!" ಅಧ್ಯಕ್ಷರ ಕೊರಳಿನ ನರ ಉಬ್ಬಿತು. ಅವ್ವ ಎದ್ದು ನಿಂತು, ಯಾವಾಗಿನ ರೂಢಿಯಂತೆ ಸೆರಗು ಸರಿಮಾಡಿಕೊಂಡು, "ಕಾಯಿದೆ ಪ್ರಕಾರ ನಡೀಲಿರಿ ಧಣ್ಯಾರ. ಇವತ್ತ ಸುಣ್ಣದ ದಿನ ಅಲ್ಲೇನ್ರಿ?" ಅಂದಳು. ಮೃತ್ಯುಂಜಯಪ್ಪನವರು ದಫೇದಾರನ ಕಡೆ ತಿರುಗಿದರು. "ಭರಮಪ್ಪಾ, ಇದು ಲೆಕ್ಕಕ್ಕಿಲ್ಲ. ಬಕೀಟ ಒಳಗ ಇಡು." ಭರಮಪ್ಪ ಬಕೆಟ್ಟು ಹಿಡಿದು ನಿಂತೇ ಇದ್ದ. ಅವನ ಹೆಂಡತಿ ಕುಂಬಾರರ ಸಾಲಿನವಳು. ತಾನೇ ಹಾಕಿದ ಗೆರೆಯಿಂದ ಮಾವನ ಮನೆಯನ್ನು ಹೊರಗೆ ಕಳಿಸಿದವನು. ಅವನು ಬಾಗಿಲ ಮೇಲಿನ ಕಲ್ಲನ್ನು ನೋಡಿದ, ಬಾಗಿಲಲ್ಲಿ ಕೂತ ತೊಟ್ಟಿಯನ್ನು ನೋಡಿದ. "ಸಾಹೇಬ್ರ, ಅವತ್ತ ನಾ ಕೇಳಿದಾಗ ನೀವ ಅಂದಿದ್ರಿ, ಕಲ್ಲಿನ ಮಾತು ಯಾರ ಮುಖಾನೂ ನೋಡೂದಿಲ್ಲಂತ" ಎಂದವನೇ ಬಗ್ಗಿ ಕುಂಚ ಅದ್ದಿದ. ಎಳೆದ ನೋಡಿ ಗೆರೆ! ಮೆಟ್ಟಿಲ ಬುಡದಿಂದ ಶುರುಮಾಡಿ, ಕಚೇರಿಯ ಗೋಡೆ ಸುತ್ತಿ, ಕೋಳಿ ಕೂತ ಟ್ರ್ಯಾಕ್ಟರನ್ನೂ ಬಿಡದೆ, ಮತ್ತೆ ಮೆಟ್ಟಿಲಿಗೆ ತಂದು ಕೂಡಿಸಿದ. ಗೆರೆ ನೆಟ್ಟಗಿತ್ತು. ಊರಿನ ಪುರಸಭೆ ಊರಿನ ತಿಪ್ಪೆಯಾಯಿತು!

ಫಕೀರಪ್ಪ ಸಿಳ್ಳೆ ಹಾಕಿದ. "ಹೊತ್ತು ಮುಳುಗೂದ್ರಾಗ ಖುರ್ಚಿ ಹೊರಗ ತಗೀರಿ ಸಾಹೇಬ್ರ! ಉಳದದ್ದೆಲ್ಲಾ ಕಸ!" ಪೇಟೆಯ ಮಂದಿ ಹೋ ಎಂದು ನಕ್ಕಿತು. ಅಧ್ಯಕ್ಷರು ಕೈ ಮೇಲೆತ್ತಿ ಸನ್ನೆ ಮಾಡಿದರು. ಆಗ ಮೇಲಿನ ಓಣಿಯೆಲ್ಲ ಒಮ್ಮೆಲೇ ಕೂಗಿಕೊಂಡ ಹಾಗೆ ತಾಟುಗಳು ಮೊಳಗಿದವು. ಢಣ್! ಢಣ್! ಢಣ್! ಕಿವಿಯಲ್ಲಿ ಸೀಸ ಹೊಯ್ದಂತೆ. ನನ್ನ ಅಂಗೈ ಕೆಳಗಿನ ತೊಟ್ಟಿ ಅದುರಿತು, ಕಾಲು ಎತ್ತಿತು. ಅದು ಓಡಿದರೆ ಎಲ್ಲವೂ ಓಡುತ್ತವೆ, ಓಡಿದರೆ ಇಳಿಜಾರಿಗೇ ಓಡುತ್ತವೆ, ತೆರೆದ ಬಾಗಿಲುಗಳ ನಮ್ಮ ಓಣಿಗೆ. ಸುಣ್ಣ ಇನ್ನೂ ಬಕೆಟ್ಟಿನಲ್ಲಿ ಉಳಿದಿದೆ. "ಕೈ ತಗೀಬ್ಯಾಡ್ರಿ!" ಎಂದು ಕೂಗಿದೆ, ನನ್ನ ಕೂಗು ನನಗೇ ಕೇಳಲಿಲ್ಲ. ಎರಡೂ ಕೈಯಿಂದ ಅಪ್ಪಿಕೊಂಡೆ, ಕೆನ್ನೆ ಒತ್ತಿದೆ. ಅತ್ತ ಫಕೀರಪ್ಪ ತನ್ನದರ ಮೇಲೆ ಪೂರ್ತಿ ಒರಗಿ ಅದರ ಕಿವಿಯಲ್ಲಿ ಹೇಳುವ ಹಾಗೆ ಏನೋ ಹೇಳುತ್ತಿದ್ದ. ಮಕ್ತುಂಸಾಬ ಹಾಡುತ್ತಿದ್ದ, ಅಪಸ್ವರವೆಂದರೆ ಅಪಸ್ವರ! ಕಂಚು ಬಡಿಯಿತು, ಬಡಿಯಿತು, ಬಡಿಯಿತು. ಕೊನೆಗೆ ಸೋತದ್ದು ಬಡಿಯುವ ಕೈ. ಸದ್ದು ತೆಳುವಾಯಿತು, ಅಲ್ಲೊಂದು ಇಲ್ಲೊಂದಾಯಿತು, ಸುಮಿತ್ರಾಬಾಯಿಯ ತಾಟೊಂದೇ ಉಳಿಯಿತು, ಅದೂ ನಿಂತಿತು. ಒಂದೇ ಒಂದು ತೊಟ್ಟಿಯೂ ಮೆಟ್ಟಿಲು ಬಿಟ್ಟಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಅಧ್ಯಕ್ಷರು ರುಮಾಲು ತೆಗೆದು ಬೆವರು ಒರೆಸಿಕೊಂಡರು. "ಏನ ಬೇಕು ನಿಮಗ?" ನಾನು ಎದ್ದೆ. ಓದಿ ಓದಿ ಕೇಳಿಸಿದ ಎಷ್ಟೋ ಮಾತು ನಾಲಗೆಯ ಮೇಲಿದ್ದವು, ಹೊರಗೆ ಬಂದದ್ದು ಇಷ್ಟೇ. "ಆ ಕಲ್ಲು ಇಳಿಸ್ರಿ. ಟ್ರ್ಯಾಕ್ಟರ್ ಹೊರಗ ತಗೀರಿ. ನಿಮ್ಮ ತೊಟ್ಟಿ ನಿಮ್ಮ ಮೂಲ್ಯಾಗ ನಿಂದ್ರಲಿ, ತುಂಬೂದ್ರಾಗ ಬರಿದಾಗಲಿ." ಅವರು ಕಲ್ಲನ್ನು ನೋಡಿದರು, ಸೂರ್ಯನನ್ನು ನೋಡಿದರು. "ಆತು. ಆತ್ರಿ, ಎಲ್ಲಾ ಆತು! ಈಗರೆ ಇವನ್ನ ಕರಕೊಂಡು ಏಳ್ರಿ." "ನಾವು ಎದ್ರ ನಮ್ಮ ಹಿಂದ ಬರ್ತಾವ, ನಮ್ಮ ಓಣಿಗೆ" ಅಂದೆ. "ನಿಮ್ಮ ಓಣಿಗೆ ಹೋಗಬೇಕಂದ್ರ ನಿಮ್ಮ ಕೈನ ಬೇಕು."

ಮಾಳಿಗೆಗಳ ಮೇಲೆ ಜನ, ಪೇಟೆಯಲ್ಲಿ ಜನ, ನಾಯಿಗಳು ಕೂಡ ಬಾಲ ನಿಲ್ಲಿಸಿದ್ದವು. ಮೃತ್ಯುಂಜಯಪ್ಪನವರು ಸುಣ್ಣದ ಗೆರೆ ದಾಟಿ ಬಂದರು. ಬಾಗಿಲಲ್ಲಿ ಕೂತ ತೊಟ್ಟಿಯ ಮುಂದೆ ನಿಂತರು. ಅದರ ಬಾಯಿಂದ ಅವರದೇ ಸನ್ಮಾನದ ಹಾರ ಅರ್ಧ ಹೊರಗೆ ಜೋತಿತ್ತು. ರುಮಾಲನ್ನು ಮಡಚಿ ಮುಚ್ಚಳದ ಮೇಲೆ ಹಾಸಿ, ಅದರ ಮೇಲೆ ಕೈಯಿಟ್ಟರು. ತೊಟ್ಟಿ ಮಿಸುಕಲಿಲ್ಲ. ಒತ್ತಿದರು. ಮಿಸುಕಲಿಲ್ಲ. "ಅರಿವಿ ತಗೀರಿ ಧಣ್ಯಾರ" ಅಂದಳು ಅವ್ವ, ಗದರಿಕೆಯಿಲ್ಲದ ದನಿಯಲ್ಲಿ. ಅವರು ಸುತ್ತ ನೋಡಿದರು, ಯಾರಾದರೂ ಬೇಡ ಅನ್ನಲಿ ಎಂಬಂತೆ. ರುಮಾಲು ತೆಗೆದರು. ಬರಿಗೈ ಇಟ್ಟರು. ಅವರ ಮುಖ ನೋಡುತ್ತಿದ್ದೆ ನಾನು. ಹೇಸಿಗೆಗೆ ಬಿಗಿದ ತುಟಿ ಹಾಗೇ ಸಡಿಲವಾಯಿತು. "ಬೆಚ್ಚಗದ..." ಅಂದರು, ಯಾರಿಗೂ ಅಲ್ಲ. ತೊಟ್ಟಿ ಎದ್ದಿತು. ಮೈ ಕೊಡವಿ, ಒಂದು ಮೆಟ್ಟಿಲು ಇಳಿದು, ಅವರ ಪಕ್ಕಕ್ಕೆ ನಿಂತಿತು.

ಮೆಟ್ಟಿಲುಗಳಿಗೆ ಹುಚ್ಚು ಹಿಡಿದ ಹಾಗೆ ಕೂಗು ಎದ್ದಿತು! ಫಕೀರಪ್ಪ ನನ್ನನ್ನು ಎತ್ತಿಯೇಬಿಟ್ಟ, ಮಕ್ತುಂಸಾಬ ದಫೇದಾರನನ್ನು ತಬ್ಬಿ ಸುಣ್ಣ ಮೆತ್ತಿಸಿಕೊಂಡ. ಅಧ್ಯಕ್ಷರು ಮಾತ್ರ ಕಪ್ಪಾದ ತಮ್ಮ ಅಂಗೈಯನ್ನು ಮೈಯಿಂದ ದೂರ ಹಿಡಿದು, ಅದು ಬೇರೆಯವರದೇನೋ ಎಂಬಂತೆ ನೋಡುತ್ತ ನಿಂತಿದ್ದರು. "ನೀರು" ಅಂದರು. ಕಚೇರಿಯ ನಳ ಗೆರೆಯ ಒಳಗಿತ್ತು. ತಿಪ್ಪೆಯ ನಳ ಯಾರಾದರೂ ಮುಟ್ಟುತ್ತಾರೆಯೇ? ಅವ್ವ ಚೊಂಬು ಹಿಡಿದು ಮೇಲಿನ ಮೆಟ್ಟಿಲ ಮೇಲೆ ನಿಂತಿದ್ದಳು. ಅದನ್ನು ಕಂಡು ಅವರು, ತಮಗೇ ಗೊತ್ತಿಲ್ಲದೆ, ಬಗ್ಗಿ ಕೆಳಗಿನಿಂದ ಬೊಗಸೆ ಒಡ್ಡಿದರು.

ಅವ್ವ ಆ ಬೊಗಸೆಯನ್ನು ಒಂದು ಗಳಿಗೆ ನೋಡಿದಳು. ಅವಳು ಎಷ್ಟು ಹಿತ್ತಲುಗಳಲ್ಲಿ ಹಾಗೆ ಒಡ್ಡಿದ್ದಳು! ನನ್ನೊಳಗಿನ ಕಿಚ್ಚು ಕೂಗುತ್ತಿತ್ತು: ಸುರಿ ಅವ್ವಾ, ಅಲ್ಲಿಂದಲೇ ಸುರಿ, ಮೊಣಕೈಗೆ ಇಳಿಯಲಿ, ಅಂಗಿ ತೋಯಲಿ. ಅವ್ವ ಸುರಿಯಲಿಲ್ಲ. ಮೆಟ್ಟಿಲು ಇಳಿದು ಅವರ ಸಮಕ್ಕೆ ಬಂದು ನಿಂತಳು. ಅವರ ಕೈಯನ್ನು ತನ್ನ ಕೈಯಲ್ಲಿ ಹಿಡಿದಳು. ಅವರು ಬೆಚ್ಚಿದರು, ಆದರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸ್ವಲ್ಪ ಸ್ವಲ್ಪ ನೀರು ಹಾಕುತ್ತ, ಹೆಬ್ಬೆರಳಿನಿಂದ ಅಂಗೈಯ ಗೆರೆಗಳಲ್ಲಿ ಕೂತ ಕಪ್ಪನ್ನು ತಿಕ್ಕಿ ತೊಳೆದಳು. ಸೆರಗಿನಿಂದ ಒರೆಸಿದಳು. ಮೇಲೆ ಮಾಳಿಗೆಯಲ್ಲಿ ಸುಮಿತ್ರಾಬಾಯಿ ತಾಟನ್ನು ಸರಳಿನಿಂದ ಬಿಚ್ಚಿ ಎದೆಗೆ ಅವುಚಿಕೊಂಡು ನಿಂತಿದ್ದಳು, ಅದೆಲ್ಲಿ ಸದ್ದು ಮಾಡೀತೋ ಎಂದು.

"ಹೋಗಪಾ ತಮ್ಮಾ" ಅಂದಳು ಅವ್ವ. ಧಣಿ ಎಂಬ ಮಾತು ಆ ನೀರಿನೊಂದಿಗೆ ಹರಿದು ಹೋಗಿತ್ತು. "ತೊಟ್ಟಿ ನಿನ್ನ ಕಾಯಾಕ್ಹತ್ತೈತಿ."